ಮನೆಗಳ ಸಂಖ್ಯೆ ಎರಡು

ನಮ್ಮ ಮನೆಯ ನೀರಿನ ಬಿಲ್ಲಿನಲ್ಲಿ ‘ಮನೆಗಳ ಸಂಖ್ಯೆ’ ಎಂಬಲ್ಲಿ ಎರಡು ಎಂದು ಅಚ್ಚಾಗುತ್ತದೆ. ಇರುವವಳು ನಾನೊಬ್ಬಳು. ಅಕ್ಕ ತೀರಿಹೋಗಿ ನಾಲ್ಕು ವರ್ಷವಾಯಿತು. ಅವಳಿದ್ದಾಗಲೂ ನಮ್ಮದು ಒಂದೇ ಒಲೆ, ಒಂದೇ ಅನ್ನದ ಪಾತ್ರೆ. ಆದರೂ ನೀರಿನ ಕನಿಷ್ಠ ಶುಲ್ಕವನ್ನೂ ಅದರ ಬೆನ್ನಿಗೆ ಬರುವ ಒಳಚರಂಡಿ ಶುಲ್ಕವನ್ನೂ ಎರಡು ಮನೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಕಟ್ಟಿದ್ದೇವೆ. ಆ ಎರಡನ್ನು ಅಳಿಸಿ ಒಂದು ಮಾಡಿಸಲೇಬೇಕೆಂದು ಹೋದ ವರ್ಷ ಹಟ ಹಿಡಿದು ಹೊರಟೆ. ಮಾಡಿಸಬಹುದಿತ್ತು. ಎಲ್ಲ ಸಿದ್ಧವಾಗಿತ್ತು.

ನನ್ನನ್ನು ಬಲ್ಲವರು ಇಷ್ಟು ಓದಿಯೇ ನಗುತ್ತಾರೆ. ಶಿವಾಜಿನಗರದ ಹಿಂದಿನ ಗಲ್ಲಿಯಲ್ಲಿ ನೈಟಿ, ಲಂಗ, ಟವೆಲ್ಲುಗಳ ಅಂಗಡಿ ನನ್ನದು. ನಾನು ಬರುವುದು ಕಂಡರೆ ಸಗಟು ವ್ಯಾಪಾರಿಗಳು ಕ್ಯಾಲ್ಕುಲೇಟರನ್ನು ಮೇಜಿನ ಒಳಗಿಡುತ್ತಾರೆ ಎಂಬ ಮಾತು ಗಲ್ಲಿಯಲ್ಲಿದೆ. ಹೆಗಲ ಮೇಲೆ ಗಂಟು ಹೊತ್ತು ಕಾಕ್ಸ್ ಟೌನಿನಿಂದ ಜೀವನ್ ಬಿಮಾ ನಗರದವರೆಗೆ ಬಾಗಿಲು ಬಾಗಿಲು ತಟ್ಟಿ ಮಾರಿದವಳು, ಆಮೇಲೆ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಕೂತವಳು, ಕೊನೆಗೆ ಸ್ವಂತ ಶಟರಿನ ಕೆಳಗೆ ಬಂದೆ. ಯಾವ ಗುರುವೂ ಇರಲಿಲ್ಲ. ಕಲಿತದ್ದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಬೆಲೆ ಕೇಳಿದ ಮೇಲೆ ಸುಮ್ಮನಿರಿ. ಎದುರಿನವರಿಗೆ ಮೌನ ತಡೆಯುವುದಿಲ್ಲ, ತಾವೇ ಇಳಿಸುತ್ತಾರೆ. ಬೇಕಾದ ಬಟ್ಟೆಯನ್ನು ಕೈಯಲ್ಲಿ ಹಿಡಿದು ಚೌಕಾಸಿ ಮಾಡಬೇಡಿ, ಕೆಳಗಿಟ್ಟು ಮಾತಾಡಿ. ಕಾಗದ ಯಾವುದೇ ಇರಲಿ, ಸಣ್ಣ ಅಕ್ಷರವನ್ನು ಮೊದಲು ಓದಿ. ಇಷ್ಟೆಲ್ಲ ಹೇಳುವ ನಾನು ನಮ್ಮ ನೀರಿನ ಬಿಲ್ಲನ್ನು ಮಾತ್ರ ಒಂದು ದಿನವೂ ಓದಿರಲಿಲ್ಲ. ಅದು ಅಕ್ಕನ ಇಲಾಖೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮದುವೆಯಾಗಿ ಹೋದವಳು ಎರಡೇ ವರ್ಷಕ್ಕೆ ಒಂದು ಹೊಲಿಗೆ ಮಿಷನ್ ಹೊತ್ತು ವಾಪಸು ಬಂದಳು. ಗಂಡನ ವಿಷಯ ಯಾರು ಕೇಳಿದರೂ, “ಅವ್ರಿಗೆ ನನ್ನ ಅಡುಗೆ ಹಿಡಿಸ್ಲಿಲ್ಲ” ಎಂದು ಮುಗಿಸುತ್ತಿದ್ದಳು. ಅವಳು ಹೊಲಿಯುವುದು, ನಾನು ಮಾರುವುದು, ಹೀಗೆ ನಮ್ಮ ಬದುಕು ಸಾಗಿತು. ಎತ್ತರದ ಹೆಂಗಸು, ನಡೆಯುವಾಗ ಸ್ವಲ್ಪ ಬಾಗಿ ನಡೆಯುತ್ತಿದ್ದಳು, ಎತ್ತರಕ್ಕೆ ಕ್ಷಮೆ ಕೇಳುವವಳ ಹಾಗೆ. ನಾನು ಕುಳ್ಳಿ. ಇಬ್ಬರೂ ಒಟ್ಟಿಗೆ ರಸೆಲ್ ಮಾರುಕಟ್ಟೆಗೆ ಹೋದರೆ ತರಕಾರಿಯವರಿಗೆ ತಮಾಷೆ.

ಅವಳಿಗೆ ಚೌಕಾಸಿ ಬರುತ್ತಿರಲಿಲ್ಲ. ಬರುವುದಿಲ್ಲ ಅನ್ನುವುದಕ್ಕಿಂತ, ನಾಚಿಕೆ. ಕೊತ್ತಂಬರಿ ಕಟ್ಟಿಗೆ ಹೇಳಿದಷ್ಟು ಕೊಟ್ಟು ಬರುತ್ತಿದ್ದಳು. ನಾನು ಆ ಕಟ್ಟನ್ನು ಕಿತ್ತುಕೊಂಡು ಮತ್ತೆ ಅಂಗಡಿಗೆ ಹೋಗಿ ನಿಂತರೆ ಅವಳು ಹತ್ತು ಹೆಜ್ಜೆ ದೂರ ಸರಿದು, ನಾನು ಯಾರೋ ಗೊತ್ತೇ ಇಲ್ಲ ಎಂಬಂತೆ ಬಾಳೆಹಣ್ಣಿನ ಗೊನೆ ನೋಡುತ್ತಿದ್ದಳು.

“ಪಾಪ ಕಣೇ, ಬಿಸಿಲಲ್ಲಿ ಕೂತಿದ್ದಾಳೆ” ಎನ್ನುವಳು.

“ನಾನೇನು ನೆರಳಲ್ಲಿ ಕೂತು ಮಾರ್ತೀನಾ? ನನ್ಗ್ಯಾರು ಪಾಪ ಅಂತಾರೆ?”

“ನಾನು ಅಂತೀನಲ್ಲ, ಸಾಲ್ದಾ?”



ಲಿಂಗರಾಜಪುರದಲ್ಲಿ ಒಂದು ಸಣ್ಣ ಸೈಟು ಕೊಂಡು ಮನೆ ಕಟ್ಟಿದ್ದು ನನ್ನ ನಲವತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಶಿವಾಜಿನಗರದ ವಠಾರ. ಆರು ಸಂಸಾರಕ್ಕೆ ಒಂದು ನಲ್ಲಿ. ಬಿಂದಿಗೆ ಸಾಲಿನಲ್ಲಿಟ್ಟು ಕಾಯುವುದು ಅಕ್ಕನ ಪಾಲು. ಯಾರಾದರೂ ಹಿಂದಿನಿಂದ ಬಂದು ಅವಳ ಬಿಂದಿಗೆಯನ್ನು ಪಕ್ಕಕ್ಕೆ ತಳ್ಳಿದರೆ ಜಗಳಕ್ಕೆ ಹೋಗದೆ ಕಾಯುತ್ತಿದ್ದಳು. ಹಾಗೆ ಕಾದು ಕಾದು ಅವಳಲ್ಲಿ ಒಂದು ಆಸೆ ಬೆಳೆದಿತ್ತು. ಹೊಸ ಮನೆಯ ಪಾಯ ಹಾಕಿದ ದಿನವೇ ಹೇಳಿದಳು: “ಗೋಡೆ, ಬಾಗ್ಲು, ಗ್ರಿಲ್ಲು, ಎಲ್ಲ ನೀನೇ ಮಾತಾಡು. ನೀರಿನ ಕನೆಕ್ಷನ್ ಮಾತ್ರ ನನಗೆ ಬಿಡು.”

ಬಿಟ್ಟೆ. ಹಬ್ಬದ ಸೀಸನ್ನು, ಅಂಗಡಿ ಬಿಟ್ಟು ಬರುವ ಹಾಗೂ ಇರಲಿಲ್ಲ. ಕಚೇರಿಗೆ ಅವಳೇ ಓಡಾಡಿದಳು. ಅರ್ಜಿ ತಂದಳು, ಬರೆದಳು, ನಕ್ಷೆ ಕೊಟ್ಟಳು, ರಸ್ತೆ ಅಗೆದು ಪೈಪು ಎಳೆಯುವವನಿಗೆ ಊಟವನ್ನೂ ಹಾಕಿದಳು. ನೀರು ಬಂದ ಬೆಳಿಗ್ಗೆ ನಲ್ಲಿಯ ಕೆಳಗೆ ಎರಡೂ ಅಂಗೈ ಹಿಡಿದು ನಿಂತೇ ಇದ್ದಳು, ಪಾತ್ರೆ ಇಡುವುದನ್ನೂ ಮರೆತು. ನಾನು, “ನೀರು ಪೋಲಾಗ್ತಿದೆ” ಎಂದೆ. ಆಗ ಹೇಳಬೇಕಾದ ಮಾತು ಅದಲ್ಲ ಎಂದು ಈಗ ಅನ್ನಿಸುತ್ತದೆ.

ತಿಂಗಳು ತಿಂಗಳೂ ಬಿಲ್ಲು ಬಂದ ಮರುದಿನ ಸೀರೆ ಬದಲಿಸಿ, ಕೊಡೆ ಹಿಡಿದು, ಹಣ ಕಟ್ಟುವ ಕೌಂಟರಿಗೆ ಹೋಗಿ ಬರುತ್ತಿದ್ದಳು. ಫೋನಿನಲ್ಲಿ ಕಟ್ಟುವ ಕಾಲ ಬಂದ ಮೇಲೂ ಬಿಡಲಿಲ್ಲ. ಅವಳು ಹೋದ ಮೇಲೆ ನಾನು ಫೋನಿನಲ್ಲಿ ಕಟ್ಟತೊಡಗಿದೆ. ಮೊತ್ತ ನೋಡದೆ ಒತ್ತಿಬಿಡುತ್ತಿದ್ದೆ. ಬಿಲ್ಲಿನ ಕಾಗದವನ್ನು ಮಡಿಸಿದ ಮಡಿಕೆಯಲ್ಲೇ ಅಕ್ಕಿ ಡಬ್ಬದ ಕೆಳಗಿಡುತ್ತಿದ್ದೆ. ಬಿಡಿಸಿ ಓದಿದರೆ ಅವಳ ಕೆಲಸವನ್ನು ಅವಳ ಕೈಯಿಂದ ಕಿತ್ತುಕೊಂಡ ಹಾಗೆ ಎಂದು ಏನೋ ಒಂದು ಅಳುಕು.

ಹೋದ ವರ್ಷ ದರ ಏರಿತು. ಬೀದಿಯವರು ರೊಚ್ಚಿಗೆದ್ದದ್ದು ಏರಿಕೆಗೆ ಮಾತ್ರವಲ್ಲ. ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಬೀದಿಯ ತಿರುವಿನ ಮ್ಯಾನ್‌ಹೋಲು ಮಾತ್ರ ದಿನವೂ ಉಕ್ಕುತ್ತಿತ್ತು. ಉಕ್ಕುವ ಚರಂಡಿಗೆ ಶುಲ್ಕ ಏಕೆ ಎಂದು ಮೊದಲು ಕೇಳಿದವರು ತಿರುವಿನಲ್ಲಿ ಬೇಕರಿ ಇಟ್ಟಿರುವ ಭಾಯ್. ವಾಸನೆಗೆ ಅವರ ಬನ್ನು ಕೊಳ್ಳುವವರೇ ಇಲ್ಲವಾಗಿದ್ದರು. ಅವರ ಜೊತೆ ದನಿಗೂಡಿಸಿದವರು ನಮ್ಮ ಎದುರು ಮನೆಯ ನಿವೃತ್ತ ಟೀಚರಮ್ಮ. ನಲವತ್ತು ವರ್ಷ ಗಣಿತ ಹೇಳಿಕೊಟ್ಟವರು, ತಮಿಳು ಮನೆಮಾತಿನವರು, ನನ್ನನ್ನು ಏಕವಚನದಲ್ಲಿ ಗದರುವ ಹಕ್ಕು ಇಟ್ಟುಕೊಂಡವರು. ಇಬ್ಬರೂ ಒಂದು ಭಾನುವಾರ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದರು.

“ಆಪಾ, ನೀವು ಮಾತಾಡ್ಬೇಕು. ನಾವು ಮಾತಾಡಿದ್ರೆ ಜಗಳ ಆಗ್ತದೆ, ನೀವು ಮಾತಾಡಿದ್ರೆ ವ್ಯಾಪಾರ ಆಗ್ತದೆ” ಎಂದರು ಭಾಯ್. ಅವರ ಮಾತಿನಲ್ಲಿ ಆಪಾ ಎಂದರೆ ಅಕ್ಕ.

ಹೊಗಳಿಕೆಗೆ ಸೋಲುವವಳಲ್ಲ ನಾನು, ಆದರೆ ಅವತ್ತು ಸೋತೆ. ಮಾತಾಡುವ ಮೊದಲು ಸರಕು ನೋಡಬೇಕು ಎಂದು ಹೇಳಿ, ಬೀದಿಯ ಎಲ್ಲರಿಗೂ ಬಿಲ್ಲು ತರಲು ಹೇಳಿದೆ. ಬೇಕರಿಯ ಗಾಜಿನ ಕಪಾಟಿನ ಮೇಲೆ ಒಂದರ ಪಕ್ಕ ಒಂದನ್ನು ಹರಡಿದೆವು. ಇದನ್ನು ನೀವೂ ಮಾಡಿ: ಒಂಟಿ ಬಿಲ್ಲು ಏನೂ ಹೇಳುವುದಿಲ್ಲ, ಪಕ್ಕದ ಮನೆಯದರ ಜೊತೆ ಇಟ್ಟರೆ ಬಾಯಿ ಬಿಡುತ್ತದೆ. ನಾಲ್ಕು ಮನೆಗೆ ತಿಂಗಳು ತಿಂಗಳೂ ಒಂದೇ ಅಳತೆ ಬಂದಿತ್ತು; ಮೀಟರು ಕೆಟ್ಟು ಅಂದಾಜಿನಲ್ಲಿ ಬರೆದಿದ್ದರು. ಒಂದು ಮನೆಯವರು ಊರಿನಲ್ಲೇ ಇರಲಿಲ್ಲ, ನೀರು ಖರ್ಚಾಗಿತ್ತು. ನಾನು ಒಂದೊಂದನ್ನೂ ಗುರುತು ಹಾಕುತ್ತಿದ್ದಾಗ ಭಾಯ್ ಕನ್ನಡಕ ಹಣೆಗೇರಿಸಿ ನನ್ನ ಬಿಲ್ಲನ್ನೇ ಎತ್ತಿ ಹಿಡಿದರು.

“ಕ್ಯಾ ಆಪಾ! ನಿಮ್ದು ಎರಡು ಮನೆಯಂತೆ! ಇನ್ನೊಂದು ಮನೇಲಿ ಯಾರನ್ನ ಇಟ್ಟಿದ್ದೀರಾ? ಬೀದಿಗೆ ಗೊತ್ತೇ ಇಲ್ಲ!”

“ಏಯ್ ಭಾಯ್, ಬಾಯಿ ಮುಚ್ಕೊಂಡು ಬನ್ ಮಾರು” ಎಂದು ಟೀಚರಮ್ಮ ಬಿಲ್ಲು ಕಿತ್ತುಕೊಂಡು ಓದಿದರು. ಓದಿ ನನ್ನ ಮುಖ ನೋಡಿದರು. “ಏನಮ್ಮ ಇದು? ಟವೆಲ್ ಬಾರ್ಡರಿಗೆ ಎಂಟಾಣೆ ಇಳಿಸೋಕೆ ಅರ್ಧ ಗಂಟೆ ನಿಲ್ತೀಯ. ಎರಡು ಮನೆ ಚಾರ್ಜು ಕಟ್ತಾ ಕೂತಿದ್ದೀಯಲ್ಲ, ಅದೂ ಇಷ್ಟು ವರ್ಷದಿಂದ?”

ಬೀದಿಯೇ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ಡಬ್ಬದ ಕೆಳಗಿನ ಬಿಲ್ಲುಗಳನ್ನೆಲ್ಲ ಬಿಡಿಸಿದೆ. ಎಲ್ಲದರಲ್ಲೂ ಎರಡು. ಅಕ್ಕನ ಮೇಲೆ ಸಿಟ್ಟು ಬಂತು. ಅವಳು ಹೋದ ನಂತರ ಅವಳ ಮೇಲೆ ಸಿಟ್ಟು ಬಂದದ್ದು ಅವತ್ತೇ ಮೊದಲು. ಅವಳು ಒಳಗೆಲ್ಲೋ ಇದ್ದಾಳೆ, ಕೂಗಿ ಕರೆದು ಬೈಯಬಹುದು ಎನ್ನುವಷ್ಟು ಸಿಟ್ಟು. “ಅಕ್ಕಾ, ಏನ್ ಬರ್ಕೊಟ್ಟಿದ್ದೀಯೇ ಅಲ್ಲಿ?” ಎಂದು ಖಾಲಿ ನಡುಮನೆಯಲ್ಲಿ ಜೋರಾಗಿಯೇ ಕೇಳಿದೆ. ಹೇಗೂ ಬೀದಿಯ ಪರವಾಗಿ ಹೋಗುತ್ತೇನೆ, ನನ್ನ ಮನೆಯ ಎರಡನ್ನೂ ಒಂದು ಮಾಡಿಸಿಕೊಂಡೇ ಬರುತ್ತೇನೆ ಎಂದು ಆಗ ನಿಶ್ಚಯಿಸಿದೆ.

ನೀರಿನ ಕಚೇರಿಯಲ್ಲಿ ಕುಂದುಕೊರತೆ ಕೇಳುವ ದಿನ ನಾವು ಹನ್ನೆರಡು ಮಂದಿ ಹೋದೆವು. ಎಂಜಿನಿಯರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುರ್ಚಿ ಸಾಲದಿದ್ದಾಗ ತಾನೇ ಎದ್ದು ಪಕ್ಕದ ಕೋಣೆಯಿಂದ ಎರಡು ಎಳೆದು ತಂದಳು. ಕುರ್ಚಿ ಎಳೆದು ಕೊಡುವವರ ಹತ್ತಿರ ಕೂಗಾಡಬಾರದು ಎಂದು ನಾನು ಎಲ್ಲರಿಗೂ ಕಣ್ಣಿನಲ್ಲೇ ಹೇಳಿದೆ. ಭಾಯ್ ಕೇಳಲಿಲ್ಲ.

“ಮೇಡಂ, ನಾನು ಹಿಟ್ಟು ಕಲಸೋ ನೀರು ಬನ್ ಒಳಗೆ ಹೋಗ್ತದೆ. ಚರಂಡಿಗೆ ಹೋಗೋದೇ ಇಲ್ಲ. ಅದಕ್ಕೂ ಚರಂಡಿ ದುಡ್ಡಾ?”

“ಬನ್ ತಿಂದೋರು ಎಲ್ಲಿಗೆ ಹೋಗ್ತಾರೆ ಭಾಯ್?” ಎಂದಳು ಅವಳು.

ಕೋಣೆ ತುಂಬ ನಗು. ಟೀಚರಮ್ಮ ಮಾತ್ರ ನಗದೆ, “ನನ್ನ ಗಿಡಕ್ಕೆ ಹಾಕಿದ ನೀರು ಯಾವ ಬಾತ್‌ರೂಮಿಗೂ ಹೋಗಲ್ಲಮ್ಮ, ಅದಕ್ಕೆ ಉತ್ತರ ಹೇಳು” ಎಂದು ಪಟ್ಟು ಹಿಡಿದರು. ಮನೆಗೆ ಬಂದ ನೀರೆಲ್ಲ ಹೊರಗೆ ಹೋಗುತ್ತದೆ ಎಂಬ ಲೆಕ್ಕದ ಮೇಲೆ ಒಳಚರಂಡಿಯ ದರ ನಿಂತಿದೆ, ಅದನ್ನು ನಿಗದಿ ಮಾಡುವವರು ಮೇಲಿನವರು, ತನ್ನ ಕೈಯಲ್ಲಿ ಇಲ್ಲ ಎಂದು ಅವಳು ನಿಜವನ್ನೇ ಹೇಳಿದಳು. ಬೀದಿಯವರು ಮತ್ತೆ ಗುಜುಗುಜು ಶುರುಮಾಡಿದರು.

ಆಗ ನಾನು ಬಾಯಿ ತೆರೆದೆ. ನೋಡಿ, ಎದುರಿನವರ ಕೈಯಲ್ಲಿ ಇಲ್ಲದ್ದನ್ನು ಕೇಳಿದರೆ ಇಬ್ಬರಿಗೂ ಬಾಯಿ ನೋವು. ಇರುವುದನ್ನು ಕೇಳಬೇಕು. ದರದ ಮೇಲಿನ ಆಕ್ಷೇಪವನ್ನು ಬರೆದು ಕೊಡುತ್ತೇವೆ, ಮೇಲಕ್ಕೆ ಕಳುಹಿಸಿ, ಕಳುಹಿಸಿದ್ದಕ್ಕೆ ಒಂದು ಪ್ರತಿ ಕೊಡಿ ಎಂದೆ. ಕೆಟ್ಟ ಮೀಟರು ಬದಲಿಸುವುದು ನಿಮ್ಮ ಕೈಯಲ್ಲಿದೆಯೇ? ಇದೆ. ಅಂದಾಜಿನ ಬಿಲ್ಲು ತಿದ್ದುವುದು? ಇದೆ. ಮ್ಯಾನ್‌ಹೋಲಿಗೆ ಗಾಡಿ ಕಳುಹಿಸುವುದು? ಅದೂ ಇದೆ. “ಹಾಗಾದ್ರೆ ಮೂರಕ್ಕೂ ದಿನ ಬರ್ದು ಸಹಿ ಹಾಕಿ ಕೊಡಿ ಮೇಡಂ” ಎಂದು ಸುಮ್ಮನಾದೆ. ಅವಳು ಪೆನ್ನು ನೋಡಿದಳು, ನನ್ನನ್ನು ನೋಡಿದಳು, ನಾನು ಕಿಟಕಿ ನೋಡಿದೆ. ಕೊನೆಗೆ ಬರೆದು ಕೊಟ್ಟಳು. ಭಾಯ್ ನನ್ನ ಕಿವಿಯ ಹತ್ತಿರ, “ಆಪಾ, ನೀವು ಬೇಕರಿ ಹಾಕಿದ್ರೆ ಗಿರಾಕಿ ದುಡ್ಡೂ ಕೊಟ್ಟು ಬನ್ನೂ ವಾಪಸ್ ಕೊಟ್ಟು ಹೋಗ್ತಾನೆ” ಎಂದರು. ಅದು ಹೊಗಳಿಕೆಯೋ ಬೈಗುಳವೋ ಇನ್ನೂ ತಿಳಿದಿಲ್ಲ.

ಎಲ್ಲರೂ ಹೊರಗೆ ಹೋದ ಮೇಲೆ ನನ್ನ ಬಿಲ್ಲನ್ನು ಅವಳ ಮುಂದಿಟ್ಟೆ. ಟೀಚರಮ್ಮ ಮಾತ್ರ ಜೊತೆಗಿದ್ದರು.

“ಒಂದೇ ಮನೆ ಮೇಡಂ. ಇರೋಳು ನಾನೊಬ್ಳೇ. ತಪ್ಪಾಗಿ ಎರಡು ಅಂತ ಬಿದ್ದಿದೆ.”

ಅವಳು ಸಂಖ್ಯೆ ಹೇಳಿ ಹಳೆಯ ಫೈಲು ತರಿಸಿದಳು. ದಾರ ಬಿಚ್ಚಿ, ಹಾಳೆ ತಿರುಗಿಸಿ, ಒಂದು ಕಡೆ ಬೆರಳಿಟ್ಟು ಫೈಲನ್ನು ನನ್ನ ಕಡೆಗೆ ತಿರುಗಿಸಿದಳು. “ತಪ್ಪು ನಮ್ಮದಲ್ಲಮ್ಮ. ನೀವೇ ಬರ್ಕೊಟ್ಟಿದ್ದೀರಾ.”

ಅಕ್ಕನ ಅಕ್ಷರ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವಾಗ ಬರೆಯುತ್ತಿದ್ದ ಅದೇ ಗುಂಡು ಗುಂಡು ಅಕ್ಷರ. ಕಟ್ಟಡದಲ್ಲಿ ವಾಸಿಸುವ ಕುಟುಂಬಗಳ ವಿವರ ಎಂಬ ಕಡೆ ಎರಡು ಸಾಲು ಬರೆದಿದ್ದಳು. ಕೆಳಗಿನ ಮನೆ: ನಾನು. ಮೇಲಿನ ಮನೆ: ನನ್ನ ತಂಗಿ ಮತ್ತು ಅವಳ ಸಂಸಾರ.

“ತಂಗಿ ಸಂಸಾರ ಈಗ ಎಲ್ಲಿದೆ?” ಎಂದು ಎಂಜಿನಿಯರು ಕೇಳಿದಳು. ಪಾಪ, ಅವಳಿಗೇನು ಗೊತ್ತು.

ನಾನು ಸುಮ್ಮನಿದ್ದೆ. ಆ ಮೌನದಲ್ಲಿ ವ್ಯಾಪಾರವಿರಲಿಲ್ಲ. ಟೀಚರಮ್ಮ ನನ್ನ ಬದಲು, “ಆ ತಂಗಿ ಇವಳೇ ಅಮ್ಮ. ಇವಳಿಗೆ ಮದ್ವೆ ಆಗಿಲ್ಲ” ಎಂದರು. ಎಂಜಿನಿಯರು ಫೈಲು ಮುಚ್ಚಿ, “ಬಂದು ನೋಡ್ತೀನಿ. ಮೇಲೆ ಬೇರೆ ಅಡುಗೆಮನೆ, ಬೇರೆ ನಲ್ಲಿ ಇಲ್ದಿದ್ರೆ ಒಂದು ಅಂತ ಮಾಡ್ಬಿಡ್ತೀನಿ” ಎಂದಳು.

ಬಸ್ಸಿನಲ್ಲಿ ಟೀಚರಮ್ಮ ಕಿಟಕಿಯ ಸೀಟನ್ನು ನನಗೆ ಬಿಟ್ಟರು. ನಾನು ಲೆಕ್ಕ ಹಾಕುತ್ತಿದ್ದೆ. ಅರ್ಜಿ ಬರೆದಾಗ ನನಗೆ ನಲವತ್ತೆರಡು. ನೆಂಟರು ನನ್ನ ಮದುವೆಯ ಮಾತು ನಿಲ್ಲಿಸಿ ಐದಾರು ವರ್ಷವಾಗಿತ್ತು. ನಾನೂ ನಿಲ್ಲಿಸಿದ್ದೆ. ಮಹಡಿಯ ಮೇಲೆ ಒಂದು ಕೋಣೆ, ಅಡುಗೆಮನೆ, ಬಚ್ಚಲು ಕಟ್ಟೋಣವೆಂದು ಅಕ್ಕ ಹಟ ಮಾಡಿದಾಗ ಬಾಡಿಗೆಗೆ ಎಂದುಕೊಂಡೆ. ಅವಳೂ ಹೂಂ ಎಂದಳು. ಆಮೇಲೆ ಬಾಡಿಗೆಗೆ ಬಂದವರನ್ನೆಲ್ಲ ಏನಾದರೊಂದು ನೆಪ ಹೇಳಿ ಕಳುಹಿಸಿದ್ದೂ ಅವಳೇ. ಅವರು ಮೀನು ಹುರೀತಾರೆ. ಇವರಿಗೆ ಮಕ್ಕಳು ಜಾಸ್ತಿ. ಆ ಹುಡುಗನ ಸ್ಕೂಟರಿನ ಸದ್ದು. ಜನರ ಮುಖ ನೋಡಿದರೆ ಇಲ್ಲ ಎನ್ನಲಾರದ ಹೆಂಗಸು ಇಷ್ಟು ಸಲ ಇಲ್ಲ ಎಂದದ್ದನ್ನು ನಾನು ಗಮನಿಸಬೇಕಿತ್ತು. ವ್ಯಾಪಾರದಲ್ಲಾಗಿದ್ದರೆ ಗಮನಿಸುತ್ತಿದ್ದೆ.

ಇನ್ನೊಂದು ನೆನಪೂ ಬಂತು. ಗೃಹಪ್ರವೇಶದ ಮುಂಚಿನ ದಿನಗಳಲ್ಲಿ ಒಂದು ಸಂಜೆ ಗುಂಡಿ ಹೊಲಿಯುತ್ತ, ತಲೆಯೆತ್ತದೆ ಕೇಳಿದ್ದಳು:

“ಆ ಲೇಸ್ ಅಂಗ್ಡಿಯವ್ರು ಒಬ್ರೇ ಇದ್ದಾರಂತೆ ಅಲ್ವಾ? ಹೆಂಡ್ತಿ ತೀರ್ಕೊಂಡು ಮೂರು ವರ್ಷ ಆಯ್ತಂತೆ.”

“ಒಬ್ರೇ ಇದ್ರೆ ನಮ್ಗೇನು? ಮೀಟರಿಗೆ ನಾಲ್ಕಾಣೆ ಇಳಿಸಲ್ಲ ಆ ಮನುಷ್ಯ.”

“ನಿನ್ನನ್ನ ನೋಡಿದ್ರೆ ನಗ್ತಾರೆ ಅವ್ರು.”

“ರೇಟು ಜಾಸ್ತಿ ಹಾಕಿದ್ರೆ ನಾನೂ ನಗ್ತೀನಿ.”

ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದು ಆ ಮಾತು ಅಲ್ಲಿಗೇ ಬಿಟ್ಟಳು. ಆ ಮನುಷ್ಯ ಆಮೇಲೆ ಅಂಗಡಿ ಮಾರಿ ಅಣ್ಣನ ಊರಿಗೆ ಹೋದರು. ಹೋಗುವ ಮುನ್ನ ಬಿಳಿ ಲೇಸಿನ ಒಂದು ಪೂರ್ತಿ ಸುರುಳಿಯನ್ನು ಕೊಂಡ ಬೆಲೆಗೇ ಕೊಟ್ಟರು. ಸ್ಟಾಕು ಖಾಲಿ ಮಾಡುತ್ತಿದ್ದಾರೆ ಎಂದುಕೊಂಡು ತಂದೆ. ಒಳ್ಳೆಯ ಲಾಭವೂ ಬಂತು.

ಎಂಜಿನಿಯರು ಬರುವ ಹಿಂದಿನ ದಿನ ಪ್ಲಂಬರನ್ನು ಕರೆಸಿ, ಮೇಲಿನ ಅಡುಗೆ ಕಟ್ಟೆ ಒಡೆಯುವುದಕ್ಕೆ ಮರುದಿನ ಸುತ್ತಿಗೆ ಉಳಿ ತರಲು ಹೇಳಿದೆ. ಮಹಡಿಯನ್ನು ಅಕ್ಕ ಇದ್ದಾಗಲೇ ನಾನು ಗೋಡೌನು ಮಾಡಿಬಿಟ್ಟಿದ್ದೆ; ಅವಳು ಬೇಡ ಎನ್ನಲಿಲ್ಲ, ಅಡುಗೆಮನೆಯ ಒಳಗೆ ಮಾತ್ರ ಗಂಟು ಇಡಲು ಬಿಡುತ್ತಿರಲಿಲ್ಲ. ಅವಳು ಹೋದ ಮೇಲೆ ಅದನ್ನೂ ತುಂಬಿದ್ದೆ. ಈಗ ಟವೆಲ್ಲಿನ ಗಂಟುಗಳನ್ನೆಲ್ಲ ಈಚೆಗೆ ಎಳೆದು ಹಾಕಿದೆ. ಸಿಂಕಿನ ಮೇಲೆ ಕಂಪನಿಯ ಚೀಟಿ ಹಾಗೇ ಅಂಟಿಕೊಂಡಿತ್ತು. ಧೂಳು ಒರೆಸಿದೆ. ಹೇಗೂ ಒಡೆಯುವುದನ್ನು ಏಕೆ ಒರೆಸಿದೆನೋ.

ಮರುದಿನ ಎಂಜಿನಿಯರು ಬಂದಳು. ನೋಡಿದಳು. ಕಟ್ಟೆ ಇದೆ, ಸಿಂಕು ಇದೆ, ಕೆಳಗಿನಿಂದ ಬೇರೆ ಪೈಪು ಬಂದಿದೆ.

“ಇದು ಮನೇನೇ ಅಮ್ಮ. ಆದ್ರೆ ನೀವು ಕಟ್ಟೆ ಒಡ್ಸಿ, ಪೈಪ್ ಮುಚ್ಸಿ, ಒಂದು ಫೋಟೋ ಕಳ್ಸಿದ್ರೆ ಸಾಕು. ಈ ತಿಂಗ್ಳಿಂದಾನೇ ಒಂದು ಅಂತ ಬರುತ್ತೆ. ಇಲ್ಲಿ ಸಹಿ ಮಾಡಿ, ಎರಡನೇ ಮನೆ ಇಲ್ಲ ಅಂತ.”

ಪ್ಲಂಬರು ಸುತ್ತಿಗೆ ಹಿಡಿದು ನನ್ನ ಮುಖ ನೋಡಿದ. ಬರೆಯಲು ಬೇರೆ ಜಾಗವಿಲ್ಲದೆ ನಾನು ಕಾಗದವನ್ನು ಆ ಕಟ್ಟೆಯ ಮೇಲೆಯೇ ಇಟ್ಟು ಬಾಗಲು ಹೋದೆ. ಬಾಗಬೇಕಾಗಲಿಲ್ಲ. ಮೊಣಕೈ ತಾನಾಗಿ ಬಂದು ಕಲ್ಲಿನ ಮೇಲೆ ಕೂತಿತು.

ಕೆಳಗಿನ ಅಡುಗೆಮನೆಯ ಕಟ್ಟೆ ಅಕ್ಕನ ಎತ್ತರದ್ದು. ಇಪ್ಪತ್ತು ವರ್ಷವಾದರೂ ನಾನು ಮಣೆ ಹತ್ತಿ ನಿಂತೇ ದೋಸೆ ಹುಯ್ಯುವುದು. ಮೇಲಿನ ಕಟ್ಟೆ ಕೆಳಗಿನದಕ್ಕಿಂತ ಗೇಣುದ್ದ ತಗ್ಗಾಗಿದೆ ಎಂದು ಆಗ ಗಾರೆಯವನ ಜೊತೆ ನಾನು ದೊಡ್ಡ ರಂಪ ಮಾಡಿದ್ದೆ. ಇಷ್ಟು ತಗ್ಗು ಕಟ್ಟೆಯಲ್ಲಿ ಅಡುಗೆ ಮಾಡಲು ಬಾಡಿಗೆಗೆ ಕುಳ್ಳರೇ ಬರಬೇಕೇ ಎಂದು ಕೇಳಿ, ಅವನ ಕೂಲಿಯಲ್ಲಿ ಸ್ವಲ್ಪ ಹಣ ಹಿಡಿದೂಬಿಟ್ಟೆ. ಅವನು, “ಅಳತೆ ಕೊಟ್ಟೋರು ನಿಮ್ಮಕ್ಕ. ಅವ್ರನ್ನೇ ಕೇಳ್ಕೊಳಿ ಅಮ್ಮ” ಎಂದು ಎರಡು ಸಲ ಹೇಳಿದ. ತಪ್ಪು ಮಾಡಿದವರು ಯಾವಾಗಲೂ ಮೆತ್ತನೆಯವರ ಹೆಸರು ಹೇಳುತ್ತಾರೆ ಎಂದುಕೊಂಡು ನಾನು ಕೇಳಲೇ ಇಲ್ಲ. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದಳು. ಕೇಳಿಸಿಕೊಂಡಳು. ಆ ಹಣವನ್ನು ನನಗೆ ಗೊತ್ತಿಲ್ಲದೆ ಅವನಿಗೆ ಕೊಟ್ಟೇ ಇರುತ್ತಾಳೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಅವಳು ಯಾವಾಗ ನನ್ನ ಅಳತೆ ತೆಗೆದಳೋ. ರವಿಕೆಗೆ ಟೇಪು ಹಿಡಿದಾಗಲೋ, ನಾನು ಮಲಗಿದ್ದಾಗಲೋ.

“ಅಮ್ಮ, ಸಹಿ” ಎಂದಳು ಎಂಜಿನಿಯರು.

“ಮೇಡಂ, ಹಾಗೇ ಇರ್ಲಿ.”

“ಅಂದ್ರೆ?”

“ಎರಡು ಅಂತಾನೇ ಇರ್ಲಿ.”

“ದರ ಜಾಸ್ತಿ ಆಗಿದೆ ಅಮ್ಮ. ಎರಡು ಮನೆ ನೀರು, ಎರಡು ಮನೆ ಒಳಚರಂಡಿ. ಸುಮ್ನೆ ಯಾಕೆ ಕಟ್ತೀರಾ? ಅವತ್ತು ನನ್ಹತ್ರ ಅಷ್ಟು ವಾದ ಮಾಡಿದ್ರಿ!”

“ಅವತ್ತು ತಪ್ಪು ಬಿಲ್ಲು ಅಂದ್ಕೊಂಡಿದ್ದೆ. ಇದು ಸರಿಯಾದ ಬಿಲ್ಲು.”

ಎಂಜಿನಿಯರು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಇಳಿಯುವಾಗ ಮೆಟ್ಟಿಲಲ್ಲಿ ನಿಂತು, “ನಲ್ಲಿ ತಿರುಗ್ಸಿ ನೋಡಿ, ಇಷ್ಟು ವರ್ಷ ಬಿಟ್ರೆ ವಾಶರ್ ಹೋಗಿರುತ್ತೆ” ಎಂದಷ್ಟೇ ಹೇಳಿದಳು. ಹೋಗಿತ್ತು. ಒಡೆಯಲು ಬಂದ ಪ್ಲಂಬರನ ಕೈಯಲ್ಲೇ ಹೊಸದು ಹಾಕಿಸಿದೆ. ಬಂದ ಕೂಲಿಗೆ ಕೆಲಸ ಬೇಡವೇ. ಮೊದಲು ಕೆಂಪು ನೀರು ಕೆಮ್ಮಿಕೊಂಡು ಬಂತು, ಎರಡು ಬಕೆಟ್ಟು ಹೋದ ಮೇಲೆ ತಿಳಿಯಾಯಿತು.

ಬೀದಿಗೆ ಸುದ್ದಿ ತಲುಪಲು ಅರ್ಧ ದಿನವೂ ಬೇಕಾಗಲಿಲ್ಲ. ಭಾಯ್, “ಆಪಾ, ನಮ್ಗೆಲ್ಲ ಬಿಲ್ ಇಳಿಸ್ಕೊಟ್ಟು ನೀವೇ ಸೋತು ಬಂದ್ರಾ?” ಎಂದರು. ಹೇಳುವುದನ್ನು ಹೇಳಿ, ಒಂದು ಪೊಟ್ಟಣ ರಸ್ಕನ್ನು ದುಡ್ಡು ತೆಗೆದುಕೊಳ್ಳದೆ ಕೊಟ್ಟರು. ಟೀಚರಮ್ಮ ಬಯ್ಯುತ್ತಾರೆ ಎಂದು ಕಾದೆ, ಬಯ್ಯಲಿಲ್ಲ. ಮೀಟರುಗಳು ಬದಲಾದವು. ಮ್ಯಾನ್‌ಹೋಲಿನ ಗಾಡಿ ಬಂದು ಹೋಯಿತು. ದರದ ಅರ್ಜಿಗೆ ಇನ್ನೂ ಉತ್ತರವಿಲ್ಲ, ಪ್ರತಿ ನನ್ನ ಹತ್ತಿರ ಭದ್ರವಾಗಿದೆ. ಮುಂದಿನ ಕುಂದುಕೊರತೆ ದಿನ ಮತ್ತೆ ಹೋಗುತ್ತೇವೆ. ನಿಮ್ಮ ಬೀದಿಯವರೂ ಹೋಗಿ. ನಿಮ್ಮ ಬಿಲ್ಲನ್ನು ಇವತ್ತೇ ಬಿಡಿಸಿ ಓದಿ, ಮನೆಗಳ ಸಂಖ್ಯೆ ನೋಡಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ನನ್ನನ್ನು ನೋಡಿ ಕೆಡಬೇಡಿ.

ಆದರೆ ಎರಡು ಮನೆಯ ದುಡ್ಡು ಕಟ್ಟುವವಳು ಒಂದೇ ಮನೆಯ ನೀರು ಬಳಸಿದರೆ ನನ್ನ ವ್ಯಾಪಾರಕ್ಕೇ ಅವಮಾನ. ಒಂದು ಸಣ್ಣ ಗ್ಯಾಸ್ ಒಲೆ ತಂದು ಮೇಲಿನ ಕಟ್ಟೆಯ ಮೇಲಿಟ್ಟೆ. ಅಂಗಡಿಯವನು ಹೇಳಿದ ಬೆಲೆಯನ್ನೇ ಕೊಟ್ಟು ತಂದೆ. ಅವನು ಗಾಬರಿಯಾಗಿ ಒಂದು ಲೈಟರನ್ನು ಪುಕ್ಕಟೆ ಹಾಕಿಕೊಟ್ಟ. ಈಗ ಬೆಳಗಿನ ಚಹಾ ಮೇಲೆ. ಮಣೆ ಬೇಕಿಲ್ಲ. ಕೂರಲು ಅಲ್ಲಿ ಇನ್ನೂ ಏನೂ ಇಲ್ಲ, ಕಟ್ಟೆಗೆ ಒರಗಿ ನಿಂತೇ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಅಂಗಡಿಗೆ ಹೊರಡುತ್ತೇನೆ.